ಹವಾಮಾನ ಬರುವ ಹೊತ್ತಿಗೆ

ಜೂನ್ 3, ಸೋಮವಾರ

ಅಕ್ಕನ ಮನೆಗೆ ಬಂದು ಬಿದ್ದಿದ್ದೇನೆ. ಗಂಟಲಲ್ಲಿ ಬೆಳೆದಿದ್ದ ಗಂಟನ್ನು ಡಾಕ್ಟರು ಕೊಯ್ದು ತೆಗೆದಿದ್ದಾರೆ. ಇನ್ನು ಅವರು ಹೇಳುವವರೆಗೆ ಒಂದೇ ಒಂದು ಮಾತು ಆಡುವಂತಿಲ್ಲ, ಪಿಸುಗುಟ್ಟುವಂತೆಯೂ ಇಲ್ಲ. ಅವಸರಪಟ್ಟು ಬಾಯಿ ತೆರೆದರೆ ಹಳೆಯ ಧ್ವನಿಯ ಆಸೆ ಬಿಡಬೇಕಂತೆ. ರೇಡಿಯೋದಲ್ಲಿ ಸಂಜೆ ವಾರ್ತೆ ಓದುವವಳಿಗೆ ಧ್ವನಿಯೇ ಹೋದರೆ ಉಳಿಯುವುದೇನು? ಒಬ್ಬಳೇ ಇದ್ದರೆ ಹಾಲಿನವನ ಜೊತೆಗಾದರೂ ಜಗಳ ತೆಗೆಯುತ್ತೇನೆ ಎಂದು ಅಕ್ಕ ಎಳೆದುಕೊಂಡು ಬಂದಳು. ಆಡಲಾಗದ್ದನ್ನು ಇಲ್ಲಿ ಬರೆಯದಿದ್ದರೆ ಹೊಟ್ಟೆ ಒಡೆದು ಸಾಯುತ್ತೇನೆ.

ಈ ಮನೆಯಲ್ಲಿ ಗೋಡೆಯೊಂದನ್ನು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಬಟ್ಟೆ ತೊಡಿಸಿದ್ದಾರೆ. ಫೋನಿಗೆ ಲಂಗ, ಮಿಕ್ಸಿಗೆ ಕುಲಾವಿ, ಗ್ಯಾಸ್ ಸಿಲಿಂಡರಿಗೆ ನೆರಿಗೆಯ ಫ್ರಾಕು. ಎಲ್ಲವೂ ಅಕ್ಕನ ಕೈಯಿಂದ ಆದದ್ದು. ನೀರು ಕುಡಿಯಲು ಲೋಟ ಎತ್ತಿದರೆ ಅದರಡಿಗೆ ಹೆಣೆದ ಒಂದು ಹೂವು ಅಂಟಿಕೊಂಡು ಮೇಲೆ ಬಂತು.

ಭಾವ ನನ್ನ ಕೈಗೊಂದು ಸ್ಲೇಟು ಕೊಟ್ಟರು. ಅವರದು ಕನ್ನಡಕದ ಅಂಗಡಿ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಇವತ್ತು ಹತ್ತನ್ನೂ ನನಗೇ ಖರ್ಚು ಮಾಡಿದರು. "ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ನಮ್ಮನೆಗೆ ಚಿನ್ನದ ಗಣಿನೇ ಬಂದ ಹಾಗಾಯ್ತು." ಹೇಳಿ ತಾವೇ ನಕ್ಕರು. ತಿರುಗಿ ಒಂದು ಮಾತು ಕೊಡಲಾಗದೆ ನನ್ನ ಮೈಯೆಲ್ಲ ಉರಿಯಿತು.

ಜೂನ್ 5, ಬುಧವಾರ

ಬಾಯಿ ಇಲ್ಲದವಳಿಗೆ ಕಿವಿಯೂ ಇಲ್ಲ ಎಂದು ಎಲ್ಲರೂ ತೀರ್ಮಾನಿಸಿದ್ದಾರೆ. ಪಕ್ಕದ ಮನೆಯಾಕೆ ಬಂದು ನನ್ನ ಮುಖಕ್ಕೆ ಮುಖ ಕೊಟ್ಟು "ಹೇ-ಗಿ-ದ್ದೀ-ರಿ" ಎಂದು ಅರಚಿದಳು.

ಬೆಳಗಿನಿಂದ ಅಕ್ಕ ಅಡುಗೆಮನೆಯಲ್ಲಿ ಮೊಟ್ಟೆ ಕಡೆಯುತ್ತಿದ್ದಾಳೆ. ಈ ವಂಶದಲ್ಲಿ ಯಾರಾದರೂ ಹುಟ್ಟಿದರೆ ಕೇಕು, ಪಾಸಾದರೆ ಕೇಕು, ಫೇಲಾದರೆ ಸಮಾಧಾನಕ್ಕೆ ಬಿಸ್ಕತ್ತು. ಜೊತೆಗೆ ಕೈಯಲ್ಲಿ ಹೊಯ್ದ ಮೇಣದಬತ್ತಿ, ಕೈಯಲ್ಲಿ ಕುದಿಸಿದ ಜಾಮು, ಕೈಯಲ್ಲೇ ಮಾಡಿದ ಸೋಪು. ಆ ಸೋಪು ನೊರೆ ಕೊಡುವುದಿಲ್ಲ, ಸವೆಯುವುದೂ ಇಲ್ಲ. ಮಕ್ಕಳು ಮೊಮ್ಮಕ್ಕಳಿಗೆ ಆಸ್ತಿಯ ಹಾಗೆ ಉಳಿಯುತ್ತದೆ.

"ಅಂಗಡಿಯಿಂದ ತಂದುಕೊಟ್ರೆ ಅದು ಸಾಮಾನು ಕಣೇ," ಎಂದಳು. "ಕೈಯಾರೆ ಮಾಡಿಕೊಟ್ರೆ ಮಾತ್ರ ಉಡುಗೊರೆ."

ಸ್ಲೇಟಿನ ಮೇಲೆ ದಪ್ಪಕ್ಷರದಲ್ಲಿ 'ಉಪದ್ರವ' ಎಂದು ಬರೆದು ಹಿಡಿದೆ. ಕನ್ನಡಕದ ಅಂಗಡಿಯವನ ಹೆಂಡತಿಗೆ ತನ್ನ ಕನ್ನಡಕ ಎಲ್ಲಿದೆ ಎಂದು ಗೊತ್ತಿಲ್ಲ. "ಹೂಂ, ಹೂಂ, ಆಮೇಲೆ ಕೊಡ್ತೀನಿ" ಎಂದು ಮತ್ತೆ ಕಡೆಯಲು ನಿಂತಳು.

ಓದಿದ್ದಾಳೆ, ಬುದ್ಧಿ ಇದೆ. ಆ ಬುದ್ಧಿಯನ್ನೆಲ್ಲ ಹಿಟ್ಟಿಗೆ ಸುರಿದು, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಮಾಡಿಕೊಂಡಿದ್ದಾಳೆ. ಈ ಮನೆಯಲ್ಲಿ ತಲೆ ನೆಟ್ಟಗಿರುವುದು ಅವಳ ಮಗಳಿಗೆ ಮಾತ್ರ. ವಿಮಾ ಕಚೇರಿಯಲ್ಲಿ ಕೆಲಸ ಹಿಡಿದು, ಪಟ್ಟಣದ ಆ ತುದಿಯಲ್ಲಿ ರೂಮು ಮಾಡಿಕೊಂಡು, ಭಾನುವಾರ ಮಾತ್ರ ಬಂದು ಹೋಗುತ್ತಾಳೆ. ಜಾಣೆ.

ಜೂನ್ 9, ಭಾನುವಾರ

ಇವತ್ತಿನ ಅವಮಾನವನ್ನು ಬರೆದಿಡಲೇಬೇಕು.

ಸಂಜೆ ವಾರ್ತೆಯ ಹೊತ್ತಿಗೆ ಅಕ್ಕ ಅಡುಗೆಮನೆಯ ರೇಡಿಯೋ ಹಾಕಿದಳು. ನನ್ನ ಎದೆ ಸ್ವಲ್ಪ ಕರಗಿತು, ಸುಳ್ಳೇಕೆ ಹೇಳಲಿ. ದಿನವೂ ಕೇಳುತ್ತಾಳಲ್ಲ, ಒಡಹುಟ್ಟಿದವಳಲ್ಲವೇ ಎಂದುಕೊಂಡೆ. ಓದುತ್ತಿದ್ದವಳು ಗುಬ್ಬಿ. ನಮ್ಮ ನಿಲಯದ ಎಳೆಯ ಹುಡುಗಿ. ಕೀಚು ಧ್ವನಿ, ಪುಟಪುಟ ಓಟ, ಅದಕ್ಕೇ ಆ ಹೆಸರು. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ನನ್ನ ಕುರ್ಚಿ ಅವಳಿಗೆ ಸಿಕ್ಕಿದೆ. ಅಲ್ಪವಿರಾಮ ಎಂಬುದೊಂದು ಇದೆ ಎಂದು ಅವಳಿಗೆ ಯಾರೂ ತಿಳಿಸಿಲ್ಲ.

ಮುಖ್ಯಾಂಶಗಳು ಶುರುವಾಗುತ್ತಿದ್ದಂತೆ ಅಕ್ಕ ಬಿಸ್ಕತ್ತಿನ ತಟ್ಟೆಯನ್ನು ಓವನ್ನಿಗೆ ತಳ್ಳಿದಳು. ಆಮೇಲೆ ಮೊಟ್ಟೆ ಕಡೆಯುವ ಯಂತ್ರ ಹಾಕಿದಳು, ಗುರ್ ಎಂದು. ದೇಶದಲ್ಲಿ ಏನಾಯಿತು, ಪರದೇಶದಲ್ಲಿ ಯಾರು ಯಾರಿಗೆ ಹೊಡೆದರು, ಒಂದಕ್ಷರ ಕೇಳಿಸಲಿಲ್ಲ. ಆ ಗದ್ದಲದ ನಡುವೆಯೂ ಕೊನೆಗೆ ಬರುವ ಹವಾಮಾನ ಎಂಬ ಪದ ಅವಳ ಕಿವಿಗೆ ಬಿದ್ದದ್ದೇ ತಡ, ಯಂತ್ರ ನಿಲ್ಲಿಸಿ ತಟ್ಟೆ ಹೊರಗೆಳೆದಳು. ಬಿಸ್ಕತ್ತು ಬಿಳಿಚಿಕೊಂಡಿತ್ತು.

"ನೋಡು, ಮತ್ತೆ ಹಸಿ! ಈ ಹುಡುಗಿ ಬಂದಾಗಿಂದ ಒಂದು ತಟ್ಟೆನೂ ನೆಟ್ಟಗೆ ಬೇಯ್ತಿಲ್ಲ. ನೀನು ಓದೋವಾಗ ಹವಾಮಾನ ಬರೋ ಹೊತ್ತಿಗೆ ಅಂಚು ಸರಿಯಾಗಿ ಕೆಂಪಾಗಿರ್ತಿತ್ತು."

'ಓವನ್ನಿಗೆ ಗಂಟೆ ಇಲ್ಲವಾ?' ಎಂದು ಬರೆದೆ. ಪುಣ್ಯಕ್ಕೆ ಕನ್ನಡಕ ಮೂಗಿನ ಮೇಲಿತ್ತು.

"ಅದು ಕೆಟ್ಟು ಯಾವ ಕಾಲ ಆಯ್ತು! ನೀನಿದ್ದೀಯಲ್ಲ ಅಂತ ರಿಪೇರಿ ಮಾಡಿಸ್ಲಿಲ್ಲ."

ನೀನಿದ್ದೀಯಲ್ಲ ಅಂತ! ಯುದ್ಧ ಓದಿದೆ, ಭೂಕಂಪ ಓದಿದೆ, ಸರ್ಕಾರ ಬಿದ್ದ ಸಂಜೆ ಕೈ ನಡುಗಿದರೂ ಧ್ವನಿ ನಡುಗದಂತೆ ಓದಿದೆ. ನನ್ನ ಸ್ವಂತ ಅಕ್ಕನಿಗೆ ನಾನು ಬಿಸ್ಕತ್ತಿನ ಗಡಿಯಾರ. ಹತ್ತಿರದವರೇ ಹೀಗಾದರೆ ಕೇಳುಗರೆಂಬ ಆ ಮಹಾಜನ ಏನೇನು ಬೇಯಿಸುತ್ತಿದ್ದರೋ.

ಆದರೂ ಗುಬ್ಬಿಯ ಬಿಸ್ಕತ್ತು ಹಸಿ ಎಂಬುದನ್ನು ನೆನೆದರೆ ಹೊಟ್ಟೆ ತಣ್ಣಗಾಗುತ್ತದೆ.

ಜೂನ್ 12, ಬುಧವಾರ

ಓವನ್ನಿನ ಮುಂದೆ ಸ್ಟೂಲು ಹಾಕಿಕೊಂಡು ಕೂತೆ. ಅಕ್ಕ ತಟ್ಟೆ ಒಳಗಿಟ್ಟ ಕೂಡಲೇ ಹಳೆಯ ಬುಲೆಟಿನ್ ಒಂದನ್ನು ಮನಸ್ಸಿನಲ್ಲೇ ಓದತೊಡಗಿದೆ. ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ, ಉಸಿರು ತೆಗೆದುಕೊಳ್ಳಬೇಕಾದಲ್ಲಿ ತೆಗೆದುಕೊಂಡು. ಹವಾಮಾನಕ್ಕೆ ಬಂದಾಗ ಕೈ ಎತ್ತಿದೆ. ಅಕ್ಕ ತೆಗೆದಳು. ಅಂಚು ಕೆಂಪು, ನಡು ಬಂಗಾರ.

ಇದನ್ನು ಅಡುಗೆ ಎಂದು ಯಾರೂ ತಿಳಿಯಬಾರದು. ಗುಬ್ಬಿಯ ಮೇಲಿನ ಮೊಕದ್ದಮೆಗೆ ಇದು ಸಾಕ್ಷಿ.

ಜೂನ್ 14, ಶುಕ್ರವಾರ

ಅಕ್ಕ ಲಟ್ಟಿಸುವ ಹಿಟ್ಟು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಹೀಗಿದ್ದರೆ ಯಾವ ಪರೀಕ್ಷೆಗೆ ಬೆಲೆ? ಅವಳನ್ನು ಪಕ್ಕಕ್ಕೆ ಸರಿಸಿ ನಾನೇ ಲಟ್ಟಿಸಿದೆ, ಕತ್ತರಿಸಿದೆ. ಸಕ್ಕರೆಯನ್ನೂ ಅವಳು ಕಣ್ಣಳತೆಯಲ್ಲಿ ಹಾಕುತ್ತಾಳೆ, ಕಣ್ಣೇ ಸರಿಯಿಲ್ಲದಿದ್ದರೂ. ನಾಳೆಯಿಂದ ತೂಗಿ ಹಾಕಬೇಕು.

ಜೂನ್ 19, ಬುಧವಾರ

ಬ್ರೆಡ್ಡು ಮಾಡಿದೆ. ಸುಮ್ಮನೆ, ಹೊತ್ತು ಹೋಗಲೆಂದು.

ಅಕ್ಕ ಹಿಟ್ಟು ನಾದುವುದೆಂದರೆ ಅಳುವ ಮಗುವಿನ ಬೆನ್ನು ತಟ್ಟಿದ ಹಾಗೆ. ಹಿಟ್ಟಿಗೆ ಅಷ್ಟು ಮರ್ಯಾದೆ ಕೊಡಬಾರದು. ನಾನು ಅಂಗೈಯ ಬುಡದಿಂದ ಒತ್ತಿ, ಮಡಚಿ, ತಿರುಗಿಸಿ, ಮತ್ತೆ ಒತ್ತಿದೆ. ಮೊದಲು ಬೆರಳಿಗೆಲ್ಲ ಅಂಟಿ ರಗಳೆ ಮಾಡಿತು. ಇನ್ನಷ್ಟು ಒಣ ಹಿಟ್ಟು ಸುರಿಯೋಣ ಎನಿಸಿತು, ಅಕ್ಕ ತಡೆದಳು. "ಬೇಡ, ಅದಕ್ಕೇ ಬುದ್ಧಿ ಬರುತ್ತೆ, ಇರು." ಹಿಟ್ಟಿಗೆ ಬುದ್ಧಿಯಂತೆ. ಆದರೆ ಬಂತು! ಒಂದು ಗಳಿಗೆಯಲ್ಲಿ ಅಂಟು ಬಿಟ್ಟು, ನುಣ್ಣಗಾಗಿ, ಒತ್ತಿದರೆ ತಿರುಗಿ ಎದ್ದು ಬರತೊಡಗಿತು. ಒದ್ದೆ ಬಟ್ಟೆ ಮುಚ್ಚಿ ಬಿಸಿಲಿನ ಕಿಟಕಿಯಲ್ಲಿಟ್ಟು, ಅದು ಉಬ್ಬುವುದನ್ನು ನೋಡುತ್ತ ಕೂತೆ. ನೋಡುವಂಥದ್ದು ಏನೂ ಇಲ್ಲ, ಉಬ್ಬುತ್ತದೆ, ಅಷ್ಟೆ. ಬೇಯಲು ಮೂರು ಬುಲೆಟಿನ್ ಹಿಡಿಯಿತು. ಹೊರಗೆ ತೆಗೆದು ಬೆನ್ನು ತಟ್ಟಿದರೆ ಟೊಳ್ಳು ಡಬ್ಬದ ಸದ್ದು ಬರಬೇಕು ಎಂದಳು ಅಕ್ಕ. ಬಂತು. ಮೇಲಿನ ಪೊರೆ ತಣ್ಣಗಾಗುವಾಗ ತನ್ನಷ್ಟಕ್ಕೆ ಚಿಟಚಿಟ ಅನ್ನುತ್ತದೆ, ಅದು ನನಗೆ ಗೊತ್ತೇ ಇರಲಿಲ್ಲ. ಕಿವಿಯಿಟ್ಟು ಕೇಳಿದೆ.

ನಿಲಯದ ನಿರ್ದೇಶಕರು ಭಾವನಿಗೆ ಫೋನ್ ಮಾಡಿ ನಾನು ಯಾವಾಗ ಬರುತ್ತೇನೆಂದು ವಿಚಾರಿಸಿದರಂತೆ.

ಜೂನ್ 23, ಭಾನುವಾರ

ಅಕ್ಕನ ಮಗಳು ಬಂದು ಹೋದಳು. ಅವಳ ಚೀಲಕ್ಕೆ ಅಕ್ಕ ಜಾಮು, ಕಾಲುಚೀಲ ತುರುಕಿದಳು. ನಾನು ಹೊಸ ಬ್ರೆಡ್ಡೊಂದನ್ನು ಬಟ್ಟೆಯಲ್ಲಿ ಸುತ್ತಿ ಮೇಲಿಟ್ಟೆ. ಮನೆಯಲ್ಲಿ ಜಾಗವಿಲ್ಲ, ಎಲ್ಲಿಡುವುದು?

ಜೂನ್ 26, ಬುಧವಾರ

ಭಾವನ ಹುಟ್ಟಿದ ದಿನ. ಈ ವಯಸ್ಸಿನಲ್ಲಿ ಹುಟ್ಟಿದ್ದನ್ನು ನೆನೆದು ಸಂಭ್ರಮಪಡುವಂಥದ್ದು ಏನಿದೆಯೋ. ಅಕ್ಕನಿಗೆ ಸೊಂಟ ಹಿಡಿದುಕೊಂಡಿತ್ತು, ಕೇಕು ಯಾರಾದರೂ ಮಾಡಲೇಬೇಕಲ್ಲ, ಮಾಡಿದೆ. ಮೇಲೆ ಕೆನೆಯಲ್ಲಿ ಒಂದು ಕನ್ನಡಕ ಬರೆಯಲು ಹೋದೆ, ಸೈಕಲ್ ಆಯಿತು. ಭಾವ ಮಾತಾಡದೆ ಅಂಗಡಿಗೆ ಒಯ್ದರು.

ಸಂಜೆ ಖಾಲಿ ಡಬ್ಬಿ ತಂದಿಟ್ಟು, "ಅಕ್ಷರ ಓದಿಸೋ ಹಲಗೆ ಪಕ್ಕ ಇಟ್ಟಿದ್ದೆ," ಎಂದರು. "ಅಕ್ಷರ ಕಾಣದೇ ಇರೋರಿಗೂ ಅದೊಂದು ಚೆನ್ನಾಗಿ ಕಾಣಿಸ್ತು."

ಈ ಮನುಷ್ಯ ತಮಾಷೆ ಮಾಡಬಾರದು ಎಂದು ಯಾರಾದರೂ ಹೇಳಬಾರದೇ. ಡಬ್ಬಿಯನ್ನು ನೆಕ್ಕಿದ ಹಾಗೆ ಖಾಲಿ ಮಾಡಿದ್ದರು. ಎರಡು ಸಲ ನೋಡಿದೆ.

ಜೂನ್ 30, ಭಾನುವಾರ

ಕೆಟ್ಟೆ. ಮಾತಾಡಿಬಿಟ್ಟೆ.

ಮಧ್ಯಾಹ್ನ ಅಕ್ಕನ ಮಗಳು ನನ್ನ ಕೋಣೆಗೆ ಬಂದು ಹಾಸಿಗೆಯ ಮೇಲೆ ಉರುಳಿಕೊಂಡಳು. ಬಾಯಿಲ್ಲದವಳ ಮುಂದೆ ಈಗ ಎಲ್ಲರೂ ಹೊಟ್ಟೆಯಲ್ಲಿದ್ದುದನ್ನು ಬಿಚ್ಚುತ್ತಾರೆ.

"ಚಿಕ್ಕಮ್ಮ, ನಿಮ್ಮ ಹತ್ರ ಹೇಳಬಹುದು, ನೀವು ಯಾರಿಗೂ ಹೇಳಲ್ಲ. ಅಮ್ಮ ಕೊಡೋದನ್ನೆಲ್ಲ ನಾನು ಏನು ಮಾಡ್ತೀನಿ ಗೊತ್ತಾ? ಕಾಲುಚೀಲ ಕೆಲಸದವಳಿಗೆ. ಜಾಮು ಆಫೀಸಲ್ಲಿ ಯಾರಾದ್ರೂ ತಗೋತಾರೆ. ಹೋದ ವಾರ ಬ್ರೆಡ್ ಕೊಟ್ಟಿದ್ರಲ್ಲ, ಅದನ್ನ ಆಫೀಸಿನ ವಾಚ್‌ಮನ್ ನಾಯಿಗೆ ಹಾಕಿದೆ."

ಒಂದು ತಿಂಗಳ ಹಿಂದಾಗಿದ್ದರೆ ನಾನು ಅವಳ ಬೆನ್ನು ತಟ್ಟುತ್ತಿದ್ದೆ. ನನಗೆ ಏನಾಯಿತೋ ತಿಳಿಯದು. ಎದ್ದು ನಿಂತಿದ್ದೆ. ಬಾಗಿಲು ತುಕ್ಕು ಹಿಡಿದ ಕೀಲಿನಲ್ಲಿ ತೆರೆದಂತೆ ಒಂದು ಸದ್ದು ಬಂತು, ಅದು ನನ್ನದೇ.

"ಅದನ್ನ ಮಾಡಿದ್ದು ನಾನು!"

ಹುಡುಗಿ ಬೆಪ್ಪಾಗಿ ನೋಡಿದಳು. ನಾನು ಇನ್ನೂ ಏನೋ ಹೇಳಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಅಕ್ಕ ಅಡುಗೆಮನೆಯಿಂದ ಓಡಿ ಬಂದು ಹಿಟ್ಟಿನ ಕೈಯಲ್ಲೇ ನನ್ನ ಬಾಯಿ ಮುಚ್ಚಿದಳು.

"ಮುಚ್ಚು! ಮುಚ್ಚೇ ಬಾಯಿ! ಡಾಕ್ಟರು ಹೇಳಿಲ್ವಾ? ಒಂದು ಬ್ರೆಡ್ಡಿಗೋಸ್ಕರ ಗಂಟಲು ಕಳ್ಕೋತೀಯಾ?"

ನಾಯಿಗೆ ಹಾಕಿದ ಮಾತು ಅವಳಿಗೂ ಕೇಳಿಸಿತ್ತು. ಮಗಳ ಕಡೆ ತಿರುಗಿ, "ನೀನೂ ಎದ್ದು ಹೋಗು, ನಿನ್ನ ವಿಷಯ ಆಮೇಲೆ" ಎಂದಳಷ್ಟೆ. ಬಾಯಿಗೆ ಹೋದ ಹಿಟ್ಟಿನಲ್ಲಿ ಉಪ್ಪು ಹೆಚ್ಚಾಗಿತ್ತು.

ಜುಲೈ 1, ಸೋಮವಾರ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಂಟಲು ಉರಿಯುತ್ತಿದೆ. ಯುದ್ಧಕ್ಕೂ ನಡುಗದ ಧ್ವನಿಯನ್ನು ನಾಯಿ ತಿಂದ ಬ್ರೆಡ್ಡಿಗೆ ಬಲಿ ಕೊಟ್ಟೆ. ಮೂರ್ಖಳು.

ಜುಲೈ 4, ಗುರುವಾರ

ಏನೂ ಮಾಡಲಿಲ್ಲ. ಅಕ್ಕನ ಬಿಸ್ಕತ್ತು ಸೀಯುವ ವಾಸನೆ ಬಂದರೂ ಏಳಲಿಲ್ಲ.

ಜುಲೈ 8, ಸೋಮವಾರ

ಡಾಕ್ಟರು ಕೊಳವೆ ಇಳಿಸಿ ನೋಡಿದರು. ಆ ದಿನ ಕೂಗಿದ್ದನ್ನು ನಾಚಿಕೆ ಬಿಟ್ಟು ಸ್ಲೇಟಿನಲ್ಲಿ ಬರೆದು ತೋರಿಸಿದೆ. ಕಾರಣವನ್ನು ಬರೆಯಲಿಲ್ಲ.

"ಅದರಿಂದ ಏನೂ ಆಗಿಲ್ಲ, ಹೆದರಬೇಡಿ," ಎಂದರು. "ಆದ್ರೆ ಗಾಯ ಮಾಗೋವಾಗ ಅಲ್ಲಿ ಗಟ್ಟಿಯಾಗಿದೆ. ನೀವು ಕೂಗಿರದೇ ಇದ್ರೂ ಹೀಗೇ ಆಗ್ತಿತ್ತು. ಇವತ್ತಿಂದ ಮಾತಾಡಬಹುದು. ಮನೇಲಿ, ಫೋನಲ್ಲಿ, ಬೇಕಾದಷ್ಟು. ದಿನಾ ಮೈಕ್ ಮುಂದೆ ಕೂತು ಓದೋದು ಮಾತ್ರ ಆಗಲ್ಲ."

"ಎಲ್ಲಿವರೆಗೆ?" ಎಂದೆ. ಒರಟು ಧ್ವನಿ, ಯಾರದೋ ಎರವಲು ತಂದಂತೆ.

ಅವರು ಚೀಟಿ ಬರೆಯತೊಡಗಿದರು.

ಟ್ಯಾಕ್ಸಿಯಲ್ಲಿ ಅತ್ತೆ. ಸದ್ದು ಮಾಡಿ ಅತ್ತೆ, ಸದ್ದು ಮಾಡಲು ಈಗ ಅಪ್ಪಣೆ ಇದೆಯಲ್ಲ. ಅಕ್ಕ ತನ್ನ ಜನ್ಮದಲ್ಲಿ ಏನೂ ಹೇಳದೆ ಕೂತದ್ದು ಇದೇ ಮೊದಲಿರಬೇಕು.

ಜುಲೈ 12, ಶುಕ್ರವಾರ

ಬೆಳಿಗ್ಗೆ ಎದ್ದು ನಾದಿದೆ. ಯಾರನ್ನೋ ಬಡಿಯಬೇಕಿತ್ತು. ಬ್ರೆಡ್ಡು ಇದುವರೆಗೆ ಮಾಡಿದ್ದರಲ್ಲೆಲ್ಲ ಹಗುರವಾಗಿ ಬಂತು.

ಜುಲೈ 15, ಸೋಮವಾರ

ನಿರ್ದೇಶಕರು ಮನೆಗೇ ಬಂದರು, ಹಿಂದೆ ಗುಬ್ಬಿ. ಮುಂದಿನ ತಿಂಗಳಿನಿಂದ ಬೆಳಿಗ್ಗೆಯ ಹೊತ್ತು ಹಳೆಯ ಧ್ವನಿಮುದ್ರಣಗಳ ಕೋಣೆಯಲ್ಲಿ ನನಗೆ ಕೆಲಸವಂತೆ. ಸತ್ತ ಧ್ವನಿಗಳ ಜೊತೆ ಇನ್ನೊಂದು. ಸಂಜೆ ವಾರ್ತೆ ಇನ್ನು ಗುಬ್ಬಿಯದೇ. "ನಿಮ್ಮ ಸೇವೆಯನ್ನು ನಿಲಯ ಎಂದೂ ಮರೆಯದು" ಎಂದು ಬಾಯಿಪಾಠ ಒಪ್ಪಿಸಿ ಒಂದು ಪೆಟ್ಟಿಗೆ ಕೊಟ್ಟರು. ಒಳಗೆ ಗಾಜಿನ ಗುಮ್ಮಟ, ಅದರೊಳಗೆ ಪ್ಲಾಸ್ಟಿಕ್ ಗುಲಾಬಿ. ಬೆಲೆಯ ಚೀಟಿಯನ್ನು ಅರ್ಧ ಕೆರೆದಿದ್ದಾರೆ. ಒಬ್ಬರಾದರೂ ಕೈ ಹಚ್ಚಿ ಮಾಡಿದ ಒಂದು ವಸ್ತು ತರಬಾರದಿತ್ತೇ? ಅಂಗಡಿ ಸಾಮಾನು ಎತ್ತಿಕೊಟ್ಟು ಕೈ ತೊಳೆದುಕೊಂಡರು.

ಗುಬ್ಬಿ ತಲೆ ತಗ್ಗಿಸಿ ಬಿಸ್ಕತ್ತು ತಿನ್ನುತ್ತಿದ್ದಳು. ತಟ್ಟೆ ಬರಿದಾದ ಮೇಲೆ ತಲೆಯೆತ್ತಿ, "ಮೇಡಂ, ನನಗೆ ನಿಮ್ಮ ಹಾಗೆ ಓದೋಕೆ ಬರಲ್ಲ. ಕಲಿಸ್ತೀರಾ?" ಎಂದಳು. ಗಾಯದ ಮೇಲೆ ಬರೆ. ಬರುವುದಿಲ್ಲ ಎಂದು ಅವಳಿಗೇ ಗೊತ್ತಿದೆಯಲ್ಲ, ಅಷ್ಟರ ಮಟ್ಟಿಗೆ ವಾಸಿ.

ಭಾನುವಾರ ಬಾ ಎಂದೆ.

ಜುಲೈ 21, ಭಾನುವಾರ

ಗುಬ್ಬಿಯನ್ನು ಓವನ್ನಿನ ಮುಂದಿನ ಸ್ಟೂಲಿನ ಮೇಲೆ ಕೂರಿಸಿ ಕೈಗೆ ಹಳೆಯ ಬುಲೆಟಿನ್ ಕೊಟ್ಟೆ. "ತಟ್ಟೆ ಒಳಗಿಡ್ತೀನಿ. ನಿನ್ನ ಹವಾಮಾನ ಬಂದಾಗ ಇದು ಬೆಂದಿರಬೇಕು. ಓದು." ಓದಿದಳು. ತೆಗೆದರೆ ಹಸಿ. "ಮತ್ತೆ." ಹಸಿ. ಮೂರನೆಯ ತಟ್ಟೆಗೆ ಕಣ್ಣಲ್ಲಿ ನೀರು ತಂದುಕೊಂಡಳು. "ಅಳು ಬಂದ್ರೆ ಅಲ್ಪವಿರಾಮದಲ್ಲಿ ಅಳು, ವಾಕ್ಯದ ನಡುವೆ ಬೇಡ" ಎಂದೆ. ನಾಲ್ಕನೆಯದರಲ್ಲಿ ಅಂಚಿಗೆ ಸ್ವಲ್ಪ ಬಣ್ಣ ಬಂತು.

ಹಸಿಯಾದದ್ದನ್ನೆಲ್ಲ ಕೂತು ತಿಂದಳು, ಒಂದು ಚೂರು ಬಿಡದೆ. ಹಾಸ್ಟೆಲಿನಲ್ಲಿ ಏನು ಹಾಕುತ್ತಾರೋ.

ಅಕ್ಕನ ಮಗಳೂ ಬಂದಿದ್ದಳು. ತಾಯಿ ಮಗಳ ನಡುವೆ ಏನು ಮಾತಾಯಿತೋ, ಈಗ ನಮ್ಮ ಬಾಗಿಲಲ್ಲಿ ಬಾಲ ಮುದುರಿಕೊಂಡು ನಿಲ್ಲುತ್ತಾಳೆ. "ಚಿಕ್ಕಮ್ಮ, ಆ ನಾಯಿ ದಿನಾ ಗೇಟಲ್ಲೇ ನನ್ನ ಚೀಲ ಮೂಸ್ತಾ ಕಾಯುತ್ತೆ" ಎಂದಳು. ಆ ಕಚೇರಿಯಲ್ಲಿ ರುಚಿ ಬಲ್ಲ ಪ್ರಾಣಿ ಒಂದಾದರೂ ಇದೆ. ಅವಳ ಹುಟ್ಟಿದ ದಿನ ಹತ್ತಿರ ಬಂತು. ಯಾವ ನಾಯಿಯೂ ಒಂದೇ ಸಲಕ್ಕೆ ತಿನ್ನಲಾರದಂಥ ಕೇಕು ಮಾಡಿಕೊಡುತ್ತೇನೆ, ನೋಡುತ್ತಿರಲಿ.

ಆಗಸ್ಟ್ 6, ಮಂಗಳವಾರ

ಕೆಲಸಕ್ಕೆ ಹೋಗಿ ಬಂದೆ. ಧೂಳು.

ಮನೆಗೆ ಬಂದವಳೇ ಅಕ್ಕನ ಮಗಳ ಹುಟ್ಟಿದ ದಿನದ ಕೇಕಿಗೆ ಇಳಿದೆ. ಮೂರು ಪದರ. ಅಡಿಯದಕ್ಕೆ ಕಿತ್ತಳೆ ಸಿಪ್ಪೆ ತುರಿದು ಹಾಕಿದ್ದೆ, ನಡುವೆ ಅಕ್ಕನ ಜಾಮು. ಆ ಜಾಮು ಬ್ರೆಡ್ಡಿಗೆ ಗಟ್ಟಿ, ಕೇಕಿನ ಪದರದ ನಡುವೆ ಮಾತ್ರ ಅಂಟಿದ ಹಾಗೆ ಕೂರುತ್ತದೆ. ಕೆನೆ ಹಚ್ಚುವುದು ಗೋಡೆಗೆ ಸುಣ್ಣ ಬಳಿದ ಹಾಗಲ್ಲ. ಮೊದಲು ತೆಳ್ಳಗೆ ಒಂದು ಕೈ, ತಣ್ಣಗಾದ ಮೇಲೆ ಇನ್ನೊಂದು ಕೈ. ಅಂಚಿಗೆ ಬಳ್ಳಿ ಬಿಡಿಸುತ್ತಿದ್ದೆ. ಎಡದಿಂದ ಬಲಕ್ಕೆ ಬಂದರೆ ಕೈ ತಾಗಿ ಅಳಿಸುತ್ತದೆ, ಅದಕ್ಕೇ ಕೇಕನ್ನೇ ತಿರುಗಿಸುತ್ತ ಹೋಗಬೇಕು. ಅಕ್ಕ ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದಳು.

ಫೋನು ಬಂತು. ಎರಡೂ ಕೈ ಕೆನೆಯಾಗಿತ್ತು, ಅಕ್ಕನೇ ಎತ್ತಿ ನನ್ನ ಕಿವಿಗೆ ಹಿಡಿದಳು. ಗುಬ್ಬಿ. ದಿನವೂ ವಾರ್ತೆ ಮುಗಿಸಿ ಫೋನ್ ಮಾಡುತ್ತಾಳೆ, ನಾನು ತಪ್ಪು ಹೇಳುತ್ತೇನೆ, ಅದು ರೂಢಿ. ಆಗ ಕಿಟಕಿಯ ಕಡೆ ನೋಡಿದೆ. ಹೊರಗೆ ದೀಪ ಹತ್ತಿಕೊಂಡಿತ್ತು. ವಾರ್ತೆ ಮುಗಿದು ಹೋಗಿತ್ತು. ರೇಡಿಯೋ ಹಾಕುವುದನ್ನೇ ಮರೆತಿದ್ದೆ.

"ಮೇಡಂ, ನಾನು..." ಎಂದಳು. ಲೈನು ಸರಿಯಿರಲಿಲ್ಲ, ಗೊರಗೊರ.

"ಕೇಳಿದೆ, ಕೇಳಿದೆ," ಎಂದೆ. "ಪರವಾಗಿಲ್ಲ, ಓದಿದೀಯ. ಮುಖ್ಯಾಂಶದಲ್ಲಿ ಸ್ವಲ್ಪ ಓಡಿದೆ. ಹವಾಮಾನ ಮಾತ್ರ ಬಹಳ ಚೆನ್ನಾಗಿತ್ತು."

ಹೇಳಿ ಬಳ್ಳಿಗೆ ಇನ್ನೊಂದು ಎಲೆ ಬಿಡಿಸಿದೆ.

"ಮೇಡಂ," ಎಂದಳು ಕೊನೆಗೆ, "ಇವತ್ತು ನಾನು ಓದ್ಲೇ ಇಲ್ಲ. ಬೆಳಿಗ್ಗೆಯಿಂದ ಗಂಟಲು ಕಟ್ಟಿದೆ. ನಿರ್ದೇಶಕರು ಓದಿದ್ರು. ಏನು ಮಾಡ್ಲಿ ಅಂತ ಕೇಳೋಕೆ ಫೋನ್ ಮಾಡ್ದೆ. ನಂಗೆ ಭಯ ಆಗ್ತಿದೆ."

ಲೈನು ಸರಿಯಾಗಿಯೇ ಇತ್ತು. ಗೊರಗೊರ ಎಂದದ್ದು ಅವಳ ಗಂಟಲು. ನಾನು ಹೊಗಳಿದ್ದು ಒಬ್ಬ ಗಂಡಸಿನ ಧ್ವನಿಯನ್ನು. ಅಕ್ಕನ ಹೊಟ್ಟೆ ಕುಲುಕುತ್ತಿತ್ತು. ಅವಳನ್ನು ಸುಡುವ ಹಾಗೆ ನೋಡಿದೆ, ಅವಳಿಗೆ ಇನ್ನೂ ನಗು ಬಂತು.

"ಬಾಯಿ ಮುಚ್ಚು," ಎಂದೆ ಗುಬ್ಬಿಗೆ. "ಇನ್ನೊಂದು ಮಾತಾಡ್ಬೇಡ. ನಾಳೆ ಬೆಳಿಗ್ಗೆ ಡಾಕ್ಟರ ಹತ್ರ ನಾನು ಕರ್ಕೊಂಡು ಹೋಗ್ತೀನಿ. ಆಮೇಲೆ ಹಾಸ್ಟೆಲಿಗೆ ಹೋಗೋದು ಬೇಡ, ಬಟ್ಟೆ ತಗೊಂಡು ಇ‌ಲ್ಲಿಗೇ ಬಂದುಬಿಡು."

ಫೋನಿಟ್ಟ ಮೇಲೆ ಅಕ್ಕ ಕೇಳದೆಯೇ ಹಿಟ್ಟಿನ ಡಬ್ಬ ಕೆಳಗಿಳಿಸಿದಳು. ನಾಳೆಗೆ ಮೆತ್ತಗಿನ ಬ್ರೆಡ್ಡು ಆಗಬೇಕು, ನುಂಗಲು ಸುಲಭವಾಗುವಂಥದ್ದು.

ಬರಲಿ ಆ ಹುಡುಗಿ. ಬಾಯಿ ಮುಚ್ಚಿಕೊಂಡು ಇರಬೇಕಾದವರಿಗೆ ಈ ಅಡುಗೆಮನೆಗಿಂತ ಒಳ್ಳೆಯ ಜಾಗ ಲೋಕದಲ್ಲಿ ಇನ್ನೊಂದಿಲ್ಲ. ಈ ಮಾತು ಅಕ್ಕನ ಕಣ್ಣಿಗೆ ಬಿದ್ದರೆ ನಾನು ಮುಖ ಎತ್ತಿ ತಿರುಗುವ ಹಾಗಿಲ್ಲ.